ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ: ಕೊಳ್ಳುವ ಮೊದಲು ಯಾವ ರಿಪೇರಿಗೆ ಎಷ್ಟು ಹಣ ತೆಗೆದಿಡಬೇಕು?

ಶ್ರೀನಿವಾಸಪುರದ ಬೆಳೆಗಾರ
ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಎಕರೆ ಟೊಮೆಟೊ ಬೆಳೆ. ಕೋಲಾರದ ಎಪಿಎಂಸಿಗೆ ಇಷ್ಟು ವರ್ಷವೂ ಬಾಡಿಗೆ ಗಾಡಿಯಲ್ಲೇ ಸಾಗಿಸಿದ್ದೇವೆ. ಸುಗ್ಗಿಯ ದಿನಗಳಲ್ಲಿ ಗಾಡಿಯವರು ಹೇಳಿದ ಹೊತ್ತಿಗೆ ಬರುವುದಿಲ್ಲ, ಹರಾಜಿಗೆ ತಡವಾಗಿ ಹೋದ ಮಾಲಿಗೆ ಬೆಲೆ ಸಿಗುವುದಿಲ್ಲ. ಆದ್ದರಿಂದ ಸ್ವಂತಕ್ಕೆ ಒಂದು ಹಳೆಯ ಪಿಕಪ್ ತೆಗೆದುಕೊಳ್ಳಬೇಕೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ನೋಡಿರುವುದು 1.3 ಟನ್ ವರ್ಗದ ಡೀಸೆಲ್ ಗಾಡಿ, 2017ರ ಮಾಡೆಲ್, ಬಿಎಸ್4 (ಹೊಗೆ ಮಿತಿಯ ಹಳೆಯ ಮಾನದಂಡ). ಈಗಿರುವವರು ಮೂರನೆಯ ಓನರ್. ಮೀಟರ್ 1,42,000 ಕಿ.ಮೀ. ತೋರಿಸುತ್ತಿದೆ, 4.6 ಲಕ್ಷ ಹೇಳುತ್ತಿದ್ದಾರೆ. ಪೇಂಟ್ ಹೊಸದು, ಇಂಜಿನ್ ಸದ್ದು ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಕೈಯಲ್ಲಿರುವುದು 2 ಲಕ್ಷ, ಉಳಿದದ್ದಕ್ಕೆ ಫೈನಾನ್ಸ್ ಆಗಬೇಕು. ಇಂಥ ಗಾಡಿಗಳಲ್ಲಿ ಮೊದಲು ಕೆಡುವುದು ಏನು, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳದಿ ಬೋರ್ಡು
ಮೂರನೆಯ ಓನರ್ ಮಾರುತ್ತಿದ್ದಾರೆಂದರೆ ಮೊದಲ ಇಬ್ಬರು ಏನು ಲೋಡ್ ಹೊಡೆದರೆಂದು ಕೇಳಿ. ಮಾಡೆಲ್ ಮತ್ತು ಮೀಟರ್ ಆಮೇಲೆ ನೋಡಿದರಾಯಿತು.

ತುಮಕೂರು ಗ್ಯಾರೇಜ್
ಮೇಲಿನವರ ಮಾತು ಸರಿಯಾಗಿದೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೂವು, ಬ್ರೆಡ್ಡು, ನರ್ಸರಿ ಗಿಡ ಸಾಗಿಸಿದ ಗಾಡಿ ಎರಡು ಲಕ್ಷ ಕಿಲೋಮೀಟರ್ ಓಡಿದ್ದರೂ ಗಟ್ಟಿಯಾಗಿರುವುದನ್ನು ನೋಡಿದ್ದೇನೆ. ಕ್ರಷರಿನ ಜಲ್ಲಿ ಹೊತ್ತ ಗಾಡಿಗೆ ಎಂಬತ್ತು ಸಾವಿರಕ್ಕೇ ಚಾಸಿ (ಗಾಡಿಯ ಅಡಿಯ ಚೌಕಟ್ಟು) ಬಿರುಕು ಬಿಟ್ಟದ್ದನ್ನೂ ನೋಡಿದ್ದೇನೆ. ನಮ್ಮಲ್ಲಿ ಸಾಮಾನ್ಯವಾಗಿ ಆಗುವ ಬಿಲ್ಲುಗಳನ್ನು ಹೇಳುತ್ತೇನೆ, ಊರಿಂದ ಊರಿಗೆ ಹೆಚ್ಚು ಕಡಿಮೆ ಇರುತ್ತದೆ.

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿದರೆ ಕೂಲಿ ಸೇರಿ 12ರಿಂದ 14 ಸಾವಿರ. ಬೇರಿಂಗ್ ಒಂದನ್ನು ಉಳಿಸಲು ಹೋದವರು ಆರು ತಿಂಗಳಲ್ಲಿ ಮತ್ತೆ ಗೇರ್‌ಬಾಕ್ಸ್ ಇಳಿಸಿದ್ದಾರೆ, ಕೂಲಿ ಎರಡು ಬಾರಿ ಕೊಟ್ಟಿದ್ದಾರೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ಸೆಂಟರ್ ಬೇರಿಂಗ್ 4 ಸಾವಿರದೊಳಗೆ ಮುಗಿಯುತ್ತದೆ. ಟರ್ಬೊ ರೀಕಂಡೀಷನ್ ಮಾಡಿಸಿದರೆ 15 ಸಾವಿರದ ಆಸುಪಾಸು, ಹೊಸದಾದರೆ ಅದರ ದುಪ್ಪಟ್ಟು. ಇಂಜೆಕ್ಟರ್ ಒಂದರ ಸರ್ವಿಸಿಗೆ 4ರಿಂದ 6 ಸಾವಿರ, ನಾಲ್ಕಿದ್ದರೆ ನೀವೇ ಗುಣಿಸಿಕೊಳ್ಳಿ. ಇಂಜಿನ್ ಪೂರ್ತಿ ಬಿಚ್ಚಿ ಬೋರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಮಾಡಿಸುವ ಹೊತ್ತಿಗೆ 70ರಿಂದ 90 ಸಾವಿರ ಹೋಗುತ್ತದೆ.

ಈ ಕೊನೆಯದನ್ನು ಮೊದಲೇ ಕಂಡುಹಿಡಿಯಬಹುದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸ್ಲೋದಲ್ಲಿ ಓಡುತ್ತಿರುವಾಗಲೇ, ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಹಾಗೆಯೇ ಮೇಲಿಡಿ. ಮುಚ್ಚಳ ಸುಮ್ಮನೆ ಅದುರುತ್ತಿದ್ದರೆ ಭಯವಿಲ್ಲ. ಅದು ಎದ್ದೆದ್ದು ಕುಣಿದು, ಒಳಗಿಂದ ಹೊಗೆ ಬುಸುಗುಟ್ಟಿದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ರಿಂಗ್ ಸವೆದಿದೆ. ಮಾರುವವರು ನೀವು ಬರುವ ಮುಂಚೆಯೇ ದಪ್ಪ ಆಯಿಲ್ ತುಂಬಿಸಿ ಸದ್ದನ್ನು ಅಡಗಿಸಿರಬಹುದು. ಆದ್ದರಿಂದ ಸದ್ದನ್ನು ನಂಬಬೇಡಿ.

ಶ್ರೀನಿವಾಸಪುರದ ಬೆಳೆಗಾರ
ಬಹಳ ಉಪಕಾರವಾಯಿತು ಸರ್. ಮೊದಲ ಓನರ್ ಇಟ್ಟಿಗೆ ಹೊಡೆಯುತ್ತಿದ್ದರೆಂದು ಅಕ್ಕಪಕ್ಕದವರು ಹೇಳುತ್ತಾರೆ. ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದಾರೆ. ಹೆಚ್ಚು ಲೋಡ್ ತಡೆಯುತ್ತದೆ, ಅದರ ಕೂಲಿಯೇ 9 ಸಾವಿರ ಆಗಿದೆ, ನಿಮಗೆ ಲಾಭವೆಂದು ಮಾರುವವರು ಹೇಳುತ್ತಿದ್ದಾರೆ.

ಹಳದಿ ಬೋರ್ಡು
ಪ್ಲೇಟ್ ಹಾಕಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದನ್ನು ದೋಷವೆಂದು ನೋಡಿದರೆ ಮಾರುಕಟ್ಟೆಯಲ್ಲಿ ಒಂದು ಗಾಡಿಯೂ ಸಿಗುವುದಿಲ್ಲ. ನನ್ನ ಗಾಡಿಗೂ ಹಾಕಿಸಿದ್ದೇನೆ, ಐದು ವರ್ಷದಿಂದ ತೊಂದರೆಯಾಗಿಲ್ಲ.

ತುಮಕೂರು ಗ್ಯಾರೇಜ್
ಹಳದಿ ಬೋರ್ಡು ಅವರೇ, ಇಲ್ಲಿ ನಿಮ್ಮೊಂದಿಗೆ ನನಗೆ ಒಪ್ಪಿಗೆಯಿಲ್ಲ. ಪ್ಲೇಟ್ ಹಾಕಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ನಿಜ. ಚಾಸಿ, ಹಿಂದಿನ ಆಕ್ಸಲಿನ ಹೌಸಿಂಗ್, ವೀಲ್ ಬೇರಿಂಗ್, ಬ್ರೇಕ್ ಇವೆಲ್ಲ ಮೊದಲಿದ್ದ ಹಾಗೆಯೇ ಇರುತ್ತವೆ. ಸ್ಪ್ರಿಂಗ್ ನುಂಗಬೇಕಾದ ಪೆಟ್ಟನ್ನು ಅದನ್ನು ಹಿಡಿದಿರುವ ಬ್ರಾಕೆಟ್ಟು ನುಂಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈ ವರ್ಗದ ಹಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸರಳು ಇರುತ್ತದೆ, ಅದು ಬ್ರೇಕಿನ ಒಂದು ವಾಲ್ವಿಗೆ ಸೇರಿರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗೆ ಇಳಿದಷ್ಟೂ ಆ ವಾಲ್ವ್ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಪ್ಲೇಟ್ ಹೆಚ್ಚಿಸಿದ ಗಾಡಿಯಲ್ಲಿ ಎರಡು ಟನ್ ತುಂಬಿದರೂ ಚಾಸಿ ಇಳಿಯುವುದಿಲ್ಲವಾದ್ದರಿಂದ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿಯಾಗಿಯೇ ಇರುತ್ತದೆ, ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬೀಳುತ್ತದೆ. ಮುಂದಿನ ಪ್ಯಾಡ್ ಹತ್ತು ಸಾವಿರ ಕಿಲೋಮೀಟರಿಗೇ ತಿಂದುಹೋಗುತ್ತದೆಂದು ಬರುವವರ ಗಾಡಿಯಲ್ಲಿ ನಾನು ಮೊದಲು ಎಣಿಸುವುದು ಹಿಂದಿನ ಪ್ಲೇಟುಗಳನ್ನು.

ಘಟ್ಟದ ದಾರಿ
ಗ್ಯಾರೇಜಿನವರು ಹೇಳಿದ್ದನ್ನು ನಾನು ಜೀವದ ಮೇಲೆ ಬಂದಾಗ ಕಲಿತೆ. ನಾನು ಕೊಪ್ಪದ ಕಡೆಯಿಂದ ಅಡಿಕೆ ಸಾಗಿಸುವವನು. ನಾಲ್ಕು ವರ್ಷದ ಹಿಂದೆ ಪ್ಲೇಟ್ ಹೆಚ್ಚಿಸಿದ್ದ ಹಳೆಯ ಗಾಡಿ ಕೊಂಡು, ಮಳೆಯಲ್ಲಿ ಆಗುಂಬೆ ಇಳಿಯುವಾಗ ಏಳನೆಯ ತಿರುವಿನ ಹೊತ್ತಿಗೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು, ಮುಂದಿನ ಚಕ್ರದಿಂದ ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬಂತು. ಎರಡನೆಯ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಗುಡ್ಡದ ಕಡೆಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಲ್ಲಿಸಿದೆ. ಮಾರನೆಯ ದಿನವೇ ಹೆಚ್ಚುವರಿ ಪ್ಲೇಟ್ ಬಿಚ್ಚಿಸಿದೆ. ಬ್ರೇಕ್ ಆಯಿಲ್ ನೀರು ಹೀರಿಕೊಂಡು ಕಪ್ಪಾಗಿತ್ತು. ಅದನ್ನು ಬದಲಿಸಿ, ಪ್ಯಾಡ್, ಲೈನರ್, ವೀಲ್ ಸಿಲಿಂಡರ್ ಎಲ್ಲ ಸೇರಿ 11,200 ರೂಪಾಯಿ ಆಯಿತು. ನಿಮ್ಮದು ಬಯಲು ಸೀಮೆ, ಹಾಗೆಂದು ಬ್ರೇಕ್ ಆಯಿಲಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ.

ಹಳದಿ ಬೋರ್ಡು
ವಾಲ್ವಿನ ವಿಷಯ ನನಗೆ ತಿಳಿದಿರಲಿಲ್ಲ. ಈಗಷ್ಟೇ ಗಾಡಿಯ ಕೆಳಗೆ ಮಲಗಿ ನೋಡಿ ಬಂದೆ. ನನ್ನ ಗಾಡಿಯಲ್ಲಿ ಆ ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ್ದಾರೆ. ಇದು ಸರಿಯೇ?

ತುಮಕೂರು ಗ್ಯಾರೇಜ್
ಸರಿಯಲ್ಲ. ಕಟ್ಟಿದ ಸರಳು ಯಾವಾಗಲೂ ಒಂದೇ ಪ್ರಮಾಣದ ಬ್ರೇಕ್ ಬಿಡುತ್ತದೆ, ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಮಳೆಯಲ್ಲಿ ಗಾಡಿ ತಿರುಗಿಬಿಡಬಹುದು. ಈ ವಾರವೇ ಬಿಚ್ಚಿಸಿ.

ಲೆಕ್ಕದ ಪುಸ್ತಕ
ನಾನು ಮಂಡ್ಯ ಜಿಲ್ಲೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕ ಬರೆಯುವವಳು. ಬೆಳೆಗಾರರು ಎಷ್ಟು ಬಾಕ್ಸ್ ತುಂಬುವ ಅಂದಾಜಿನಲ್ಲಿದ್ದಾರೆ ಎಂಬುದನ್ನು ಮೊದಲು ತಿಳಿಸಬೇಕು. ಕೋಲಾರದ ಬಾಕ್ಸಿನಲ್ಲಿ 15 ಕಿಲೊ ಹಣ್ಣು, ಖಾಲಿ ಬಾಕ್ಸಿನ ತೂಕ ಒಂದೂವರೆ ಕಿಲೊ ಹಿಡಿದರೆ ಒಟ್ಟು 16.5 ಕಿಲೊ. 1.3 ಟನ್ನಿಗೆ 78 ಬಾಕ್ಸಿಗೆ ಲೆಕ್ಕ ಮುಗಿಯುತ್ತದೆ. ಎಲ್ಲರೂ ತುಂಬುವ ಹಾಗೆ 140 ಬಾಕ್ಸ್ ತುಂಬಿದರೆ 2,310 ಕಿಲೊ, ಅಂದರೆ ಒಂದು ಟನ್ ಹೆಚ್ಚಿಗೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡ ತಪ್ಪಿದರೂ ಕ್ಲಚ್ಚು, ಟೈರು ತಮ್ಮ ಪಾಲನ್ನು ವಸೂಲಿ ಮಾಡಿಯೇ ಮಾಡುತ್ತವೆ.

ನಮ್ಮ ಸಂಸ್ಥೆಯ ಹಳೆಯ ಗಾಡಿಯ ಕಳೆದ ವರ್ಷದ ಪುಸ್ತಕ ನನ್ನ ಮುಂದಿದೆ. ಓಡಿದ್ದು 31,000 ಕಿ.ಮೀ. ಡೀಸೆಲ್, ವಿಮೆ, ಡ್ರೈವರ್ ಸಂಬಳ ಬಿಟ್ಟು ಬರೀ ರಿಪೇರಿ, ಆಯಿಲ್ ಮತ್ತು ಟೈರಿಗೆ 74,000 ರೂಪಾಯಿ ಆಗಿದೆ, ಕಿಲೋಮೀಟರಿಗೆ ಸುಮಾರು 2.40 ರೂಪಾಯಿ. ಇದು ಅಳತೆ ಮೀರದೆ ಲೋಡ್ ಮಾಡುವ ಗಾಡಿಯ ಲೆಕ್ಕ.

ಹುಬ್ಬಳ್ಳಿ ಸಾಗಾಣಿಕೆ
ಇಷ್ಟೆಲ್ಲ ತಲೆನೋವು ಯಾಕೆ ರೀ, ಹೊಸದನ್ನೇ ತೊಗೊಳ್ಳಿ. ಹಳೆಯ ಗಾಡಿಗೆ ಫೈನಾನ್ಸ್ ಬಡ್ಡಿ ವಿಪರೀತ ಇರುತ್ತದೆ, ಹೊಸದಕ್ಕೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಿಗುತ್ತದೆ. ವಾರಂಟಿಯೂ ಇರುತ್ತದೆ.

ಲೆಕ್ಕದ ಪುಸ್ತಕ
ಅದನ್ನೂ ಲೆಕ್ಕ ಹಾಕಿಯೇ ನೋಡೋಣ. ಹೊಸ ಗಾಡಿಗೆ 8 ಲಕ್ಷ ಸಾಲ, ಶೇ. 10.5 ಬಡ್ಡಿ, ಐದು ವರ್ಷವೆಂದರೆ ತಿಂಗಳ ಕಂತು ಸುಮಾರು 17,200. ಹಳೆಯದಕ್ಕೆ 3 ಲಕ್ಷ ಸಾಲ, ಶೇ. 16 ಬಡ್ಡಿ, ಮೂರು ವರ್ಷವೆಂದರೆ ಸುಮಾರು 10,550. ವ್ಯತ್ಯಾಸ ತಿಂಗಳಿಗೆ 6,650, ವರ್ಷಕ್ಕೆ ಸುಮಾರು 80 ಸಾವಿರ. ನಮ್ಮ ಗಾಡಿಯ ರಿಪೇರಿ ಖರ್ಚು ಹತ್ತಿರ ಹತ್ತಿರ ಅಷ್ಟೇ ಆಗಿರುವುದರಿಂದ ಮೊದಲ ಮೂರು ವರ್ಷ ನಿಮ್ಮ ಮಾತು ನಿಲ್ಲುತ್ತದೆ. ಆದರೆ ಮೂರು ವರ್ಷದ ನಂತರ ಹಳೆಯ ಗಾಡಿಯವರಿಗೆ ಕಂತಿಲ್ಲ, ಹೊಸದರವರಿಗೆ ಇನ್ನೂ ಎರಡು ವರ್ಷ ಇದೆ. ಅದಕ್ಕಿಂತ ಮುಖ್ಯವಾಗಿ, ಟೊಮೆಟೊ ಬೆಲೆ ಬಿದ್ದ ವರ್ಷ ರಿಪೇರಿಯನ್ನು ಒಂದು ತಿಂಗಳು ಮುಂದೂಡಬಹುದು, ಕಂತನ್ನು ಮುಂದೂಡಲಾಗುವುದಿಲ್ಲ. ತೋಟಕ್ಕಷ್ಟೇ ಗಾಡಿ ಬೇಕಾದವರಿಗೆ ಹೊಸದು ಬೇಡವೆಂದೇ ನನ್ನ ಅಭಿಪ್ರಾಯ. ವರ್ಷವಿಡೀ ಬಾಡಿಗೆ ಹೊಡೆಯುವ ನಿಮ್ಮಂಥವರಿಗೆ ಹೊಸದು ಸರಿಹೋಗಬಹುದು.

ಹುಬ್ಬಳ್ಳಿ ಸಾಗಾಣಿಕೆ
ಬಾಡಿಗೆ ಗಾಡಿಯ ಲೆಕ್ಕದಲ್ಲಿ ಹೇಳಿದೆ ಅಕ್ಕಾರ, ತೋಟದ ಲೆಕ್ಕ ಬೇರೆ ಎಂಬುದನ್ನು ಒಪ್ಪುತ್ತೇನೆ. ಹಾಗಾದರೆ 1.3 ಟನ್ನೇ ಯಾಕೆ ಬೇಕು? 2005ರಲ್ಲಿ ಟಾಟಾ ಏಸ್ ಬಂದಾಗಿನಿಂದ ಸಣ್ಣ ತೋಟದವರು ಎರಡು ಸಿಲಿಂಡರಿನ ಗಾಡಿಯಲ್ಲೇ ಕೆಲಸ ತೂಗಿಸಿದ್ದಾರೆ. ಟೈರು, ಕ್ಲಚ್ಚು ಎಲ್ಲ ಅಗ್ಗ.

ಹಳದಿ ಬೋರ್ಡು
ಮುಕ್ಕಾಲು ಟನ್ನಿನ ಗಾಡಿಗೆ 45 ಬಾಕ್ಸ್ ಆಗುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಮೂರು ಸಲ ಮಂಡಿಗೆ ಹೋಗಿ ಬರಬೇಕಾಗುತ್ತದೆ, ಅದು ಆಗದ ಮಾತು.

ಕಡಲತೀರ, ಮಲ್ಪೆ
ಬೆಳೆಗಾರರೇ, ಹೊಸ ಪೇಂಟ್ ಎಂದಿರಲ್ಲ, ಅದನ್ನು ಓದಿ ನನಗೆ ಗಾಬರಿಯಾಯಿತು. ಗಾಡಿ ಮೊದಲು ಯಾವ ಜಿಲ್ಲೆಯಲ್ಲಿ ನೋಂದಣಿಯಾಗಿದೆ ಎಂದು ನೋಡಿ ಮಾರಾಯರೇ. ನಮ್ಮ ಕಡೆ ಮೀನು ಹೊತ್ತ ಗಾಡಿಗಳು ಎರಡು ಮೂರು ಕೈ ಬದಲಾಗಿ ಘಟ್ಟದ ಮೇಲೆ ಹೋಗುತ್ತವೆ. ಮೀನಿನ ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಹಲಗೆಯ ಸಂದಿನಿಂದ ದಿನವೂ ಚಾಸಿಯ ಮೇಲೆ ತೊಟ್ಟಿಕ್ಕುತ್ತದೆ. ಚಾಸಿಯ ಒಳಮಗ್ಗುಲಲ್ಲಿ ತುಕ್ಕು ಪದರ ಪದರವಾಗಿ ಏಳುತ್ತದೆ, ಹೊರಗಿನಿಂದ ಕಪ್ಪು ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ಬ್ರೇಕಿನ ಕಬ್ಬಿಣದ ಪೈಪು, ವೈರಿಂಗಿನ ಕಪ್ಲರ್ ಮೊದಲು ಹೋಗುತ್ತವೆ. ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟಿಕೊಂಡು ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದ ಕಡೆ ಮಡಕೆ ತಟ್ಟಿದ ಹಾಗೆ ಬೊದ್ದು ಸದ್ದು ಬರುತ್ತದೆ.

ಕಾಗದಪತ್ರ
ಎಲ್ಲರೂ ಕಬ್ಬಿಣದ ಮಾತನ್ನೇ ಆಡಿದಿರಿ, ಕಾಗದದ ಖರ್ಚನ್ನು ಯಾರೂ ಹೇಳಲಿಲ್ಲ. ಸರಕು ಸಾಗಣೆ ಗಾಡಿಗೆ ಎಂಟು ವರ್ಷದವರೆಗೆ ಫಿಟ್‌ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2017ರ ಗಾಡಿ ಆ ಗೆರೆ ದಾಟಿದೆ. ಎಫ್‌ಸಿಗೆ ಮುಂಚಿನ ಪೇಂಟು, ಲೈಟು, ರಿಫ್ಲೆಕ್ಟರ್ ಟೇಪು ಇತ್ಯಾದಿಗಳಿಗೆ ಪ್ರತಿ ವರ್ಷ ಒಂದಷ್ಟು ಹಣ ಇಡಬೇಕು. ಫೈನಾನ್ಸಿನ ಹೆಸರು ಆರ್‌ಸಿಯಲ್ಲಿ ಇನ್ನೂ ಇದ್ದರೆ ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಾಲದ ಹೆಸರು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಹಳೆಯ ಇ-ಚಲನ್ ಬಾಕಿ, ತೆರಿಗೆ ಬಾಕಿ ಇವನ್ನು ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ನೀವೇ ನೋಡಿಕೊಳ್ಳಬಹುದು.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗಾಡಿ ಕೈ ಬದಲಾದಾಗ ಮೂರನೆಯವರಿಗಾದ ಹಾನಿಯ ರಕ್ಷಣೆ ತಾನಾಗಿ ನಿಮಗೆ ಬರುತ್ತದೆ. ನಿಮ್ಮ ಗಾಡಿಗಾದ ಹಾನಿಯ ರಕ್ಷಣೆ ಹಾಗೆ ಬರುವುದಿಲ್ಲ, 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು.

ಶ್ರೀನಿವಾಸಪುರದ ಬೆಳೆಗಾರ
ನನ್ನ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದೆ. ಹಳದಿ ಬೋರ್ಡಿನ ಗಾಡಿ ಓಡಿಸಬಹುದೇ? ಪರ್ಮಿಟ್ ಬೇಕೇ?

ಕಾಗದಪತ್ರ
ಓಡಿಸಬಹುದು. ಒಟ್ಟು ತೂಕ 7,500 ಕಿಲೊ ಮೀರದ ಸಾರಿಗೆ ವಾಹನವನ್ನು ಲಘು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ 3,000 ಕಿಲೊ ಮೀರದಿದ್ದರೆ ಪರ್ಮಿಟ್ಟೂ ಬೇಕಿಲ್ಲ. ಆರ್‌ಸಿಯಲ್ಲಿ ಆ ಸಾಲನ್ನು ಓದಿ ನೋಡಿ.

ಘಟ್ಟದ ದಾರಿ
ಬಿಎಸ್4 ಬಿಟ್ಟು ಬಿಎಸ್6 ನೋಡಬಹುದಲ್ಲವೇ? 2020ರ ಏಪ್ರಿಲ್ ನಂತರದ ಗಾಡಿಗಳು ಈಗ ಹಳೆಯ ಮಾರುಕಟ್ಟೆಗೆ ಬರುತ್ತಿವೆ.

ತುಮಕೂರು ಗ್ಯಾರೇಜ್
ನೋಡಬಹುದು, ಆದರೆ ಹೊಗೆ ಸೋಸುವ ಫಿಲ್ಟರ್ ಇರುವ ಗಾಡಿಯಾದರೆ ಎಚ್ಚರ ಬೇಕು. ಆ ಫಿಲ್ಟರಿನಲ್ಲಿ ಕೂತ ಮಸಿಯನ್ನು ಇಂಜಿನ್ ತಾನೇ ಬಿಸಿ ಮಾಡಿ ಸುಡುತ್ತದೆ, ಅದಕ್ಕೆ ಹೆದ್ದಾರಿಯಲ್ಲಿ ಒಂದೇ ವೇಗದ ಓಟ ಬೇಕು. ತೋಟದಿಂದ ಮಂಡಿಗೆ, ಮಂಡಿಯಿಂದ ತೋಟಕ್ಕೆ ನಿಂತು ನಿಂತು ಓಡುವ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ಎಳೆಯುವ ಶಕ್ತಿ ಸತ್ತುಹೋಗುತ್ತದೆ. ಮಸಿ ತೆಗೆಸುವುದಕ್ಕೆ ಹೆಚ್ಚು ಖರ್ಚಿಲ್ಲ, ಫಿಲ್ಟರ್ ಬದಲಿಸಬೇಕಾಗಿ ಬಂದರೆ ಬಹಳ ಖರ್ಚು. ಫಿಲ್ಟರನ್ನೇ ಕಿತ್ತುಹಾಕಿ ಎಂದು ಕೆಲವರು ಸಲಹೆ ಕೊಡುತ್ತಾರೆ, ಹಾಗೆ ಮಾಡಿದ ಗಾಡಿಯನ್ನು ಕೊಳ್ಳಬೇಡಿ.

ಕೋಲಾರದವರಿಗೆ ಇನ್ನೊಂದು ಮಾತು. ರೇಡಿಯೇಟರ್ ಮುಚ್ಚಳ ತೆಗೆದಾಗ ಬಣ್ಣದ ಕೂಲೆಂಟ್ ಕಾಣಬೇಕು. ನಿಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಅದನ್ನೇ ತುಂಬಿಸಿದರೆ ಒಳಗೆಲ್ಲ ಬಿಳಿ ಪದರ ಕಟ್ಟಿ ಇಂಜಿನ್ ಹೀಟ್ ಆಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್ ಫೇಸಿಂಗ್ ಸೇರಿ 16 ಸಾವಿರದ ಕೆಲಸ.

ಶ್ರೀನಿವಾಸಪುರದ ಬೆಳೆಗಾರ
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಚಿಂತಾಮಣಿಯ ಒಬ್ಬ ಮೆಕ್ಯಾನಿಕ್‌ಗೆ 800 ರೂಪಾಯಿ ಕೊಟ್ಟು ಕರೆದುಕೊಂಡು ಹೋದೆ. ಆಯಿಲ್ ಮುಚ್ಚಳ ಕುಣಿಯಲಿಲ್ಲ, ಇಂಜಿನ್ ಪರವಾಗಿಲ್ಲವೆಂದರು. ನಂತರ ಮೊಬೈಲ್ ಬೆಳಕಿನಲ್ಲಿ ಗಾಡಿಯ ಕೆಳಗೆ ಹೋದೆವು. ಎಡಗಡೆ ಹಿಂದಿನ ಸ್ಪ್ರಿಂಗ್ ಬ್ರಾಕೆಟ್ಟಿನ ಮೇಲೆ ಪೇಂಟ್ ಉಳಿದ ಕಡೆಗಿಂತ ದಪ್ಪವಾಗಿತ್ತು. ಉಗುರಿನಿಂದ ಕೆರೆದಾಗ ಪುಟ್ಟಿ ಉದುರಿತು, ಅದರ ಕೆಳಗೆ ಒಂದು ಗೇಣು ಉದ್ದದ ವೆಲ್ಡಿಂಗ್, ವೆಲ್ಡಿಂಗಿನ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು ಕಂಡಿತು. ಮಾರುವವರು 40 ಸಾವಿರ ಇಳಿಸುತ್ತೇನೆಂದರು. ನಾನು ಬೇಡವೆಂದು ಬಂದೆ. ಮುಂಗಡವಾಗಿ ಕೊಟ್ಟಿದ್ದ 5,000 ರೂಪಾಯಿಯಲ್ಲಿ 3,000 ಮಾತ್ರ ವಾಪಸ್ಸು ಬಂತು.

ತುಮಕೂರು ಗ್ಯಾರೇಜ್
ಒಳ್ಳೆಯ ಕೆಲಸ ಮಾಡಿದಿರಿ. ಇಂಜಿನ್ ಎಷ್ಟೇ ಕೆಟ್ಟಿದ್ದರೂ ದುಡ್ಡು ಕೊಟ್ಟರೆ ಸರಿಯಾಗುತ್ತದೆ, ಬಿರುಕು ಬಿಟ್ಟ ಚಾಸಿಗೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಶ್ರೀನಿವಾಸಪುರದ ಬೆಳೆಗಾರ
ಈಗ ಇನ್ನೊಂದು ಗಾಡಿ ಸಿಕ್ಕಿದೆ. 2016ರದು, ನರ್ಸರಿಯವರು ಗಿಡ ಸಾಗಿಸುತ್ತಿದ್ದ ಗಾಡಿ, ಓನರ್ ಒಬ್ಬರೇ. ಬಣ್ಣ ಪೂರ್ತಿ ಮಾಸಿದೆ, ಬಾಗಿಲು ನೆಗ್ಗಿದೆ, ಮೀಟರ್ 1,68,000 ದಾಟಿದೆ. ಆದರೆ ಪ್ಲೇಟ್ ಕಂಪನಿಯವೇ ಇವೆ, ಚಾಸಿಯನ್ನು ತಟ್ಟಿದ ಕಡೆಯೆಲ್ಲ ಗಟ್ಟಿ ಸದ್ದು ಬಂತು, ರಿಪೇರಿಯ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರು. ಕ್ಲಚ್ ಜಾರುತ್ತಿದೆ. ಮುಂದಿನ ಎರಡು ಟೈರಿನ ಮೇಲೆ 2319 ಎಂದಿದೆ, ಹಾಗೆಂದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ಮೆಕ್ಯಾನಿಕ್ ಹೇಳಿದರು, ರಬ್ಬರ್ ಬಿರಿದಿದೆ. 3.9 ಲಕ್ಷಕ್ಕೆ ಮಾತು ಮುಗಿಯಿತು. ಕ್ಲಚ್ಚಿಗೆ 13,500, ಎರಡು ಟೈರಿಗೆ 13,400, ಆಯಿಲ್ ಮತ್ತು ಫಿಲ್ಟರುಗಳಿಗೆ 6 ಸಾವಿರ, ಇಷ್ಟನ್ನು ಬೇರೆಯಾಗಿ ತೆಗೆದಿಟ್ಟಿದ್ದೇನೆ.

ಲೆಕ್ಕದ ಪುಸ್ತಕ
ಹೆಸರಿಗೆ ಮಾಡಿಸುವ ಖರ್ಚು ಮತ್ತು ವಿಮೆಯನ್ನು ಸೇರಿಸಿದ್ದೀರಾ?

ಶ್ರೀನಿವಾಸಪುರದ ಬೆಳೆಗಾರ
ಸೇರಿಸಿದ್ದೇನೆ ಅಕ್ಕ. ಫೈನಾನ್ಸಿನ ಹೆಸರು ಆರ್‌ಸಿಯಿಂದ ಮೂರು ವರ್ಷದ ಹಿಂದೆಯೇ ತೆಗೆಸಿದ್ದಾರೆ.

ತುಮಕೂರು ಗ್ಯಾರೇಜ್
ಇಂಜಿನ್ ಆಯಿಲಿನ ಜೊತೆಗೆ ಗೇರ್ ಆಯಿಲ್, ಹೌಸಿಂಗ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಒಂದೇ ದಿನ ಬದಲಿಸಿ, ಆ ದಿನದ ಮೀಟರ್ ಬರೆದಿಡಿ. ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರು ಇಳಿಸುವುದನ್ನು ಮೆಕ್ಯಾನಿಕ್ ಹತ್ತಿರ ನೀವೇ ಕಲಿತುಕೊಳ್ಳಿ. ಇಂಜೆಕ್ಟರ್ ಕೆಡುವುದು ಹೆಚ್ಚಾಗಿ ಆ ನೀರು ಮತ್ತು ಕಸದಿಂದಲೇ.

ಹಳದಿ ಬೋರ್ಡು
ನನ್ನ ಗಾಡಿಯ ಪ್ಲೇಟ್ ಬಿಚ್ಚಿಸಿ, ವಾಲ್ವಿನ ಸರಳನ್ನು ಅದರ ಜಾಗಕ್ಕೆ ಕೂರಿಸಿದ್ದಾಯಿತು. ಕೂಲಿ 1,800. ನಿಮ್ಮ ಗಾಡಿಗೆ ಎಷ್ಟು ಬಾಕ್ಸ್ ತುಂಬುತ್ತೀರಿ ಅಣ್ಣ?

ಶ್ರೀನಿವಾಸಪುರದ ಬೆಳೆಗಾರ
78ನ್ನೇ ತುಂಬುತ್ತೇನೆ. ಸುಗ್ಗಿಯ ದಿನ ಎರಡು ಸಲ ಹೋಗಿ ಬರುತ್ತೇನೆ. ನಿನ್ನೆ ಸಂಜೆ ಎಲ್ಲ ಆಯಿಲ್ ಬದಲಿಸಿಯಾಯಿತು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಬರೆದಿದ್ದೇನೆ: 1,68,410 ಕಿ.ಮೀ., ಆಯಿಲ್ ಮತ್ತು ಫಿಲ್ಟರ್, 5,870 ರೂಪಾಯಿ.